ಸೋಮಾರಿ ಹೊಳೆಯ ದಡದಲ್ಲಿ

ಜಾತ್ರೆ, ಮಠ, ಬೀಗರ ಮನೆ ಇವಿಷ್ಟನ್ನೇ ಪ್ರವಾಸವೆಂದು ಬಗೆದಿದ್ದ ನನಗೆ, ಕಳೆದ ಬೇಸಿಗೆಯಲ್ಲಿ ಮಗಳು, ಅಳಿಯಂದಿರು ಹಾಗೂ ಐದು ವರ್ಷದ ಮೊಮ್ಮಗಳೊಡನೆ ಒಂದು ರೆಸಾರ್ಟಿಗೆ ಹೋಗುವ ಪ್ರಸಂಗ ಒದಗಿತು.

ಅಲ್ಲಿನ ನೀರಿನಾಟಗಳಲ್ಲಿ ನನ್ನ ಮನಸ್ಸನ್ನು ಸೆಳೆದುದು 'ಲೇಜಿ ರಿವರ್', ಅಂದರೆ ಸೋಮಾರಿ ಹೊಳೆ. ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ಸೇರುವ ಸಿಮೆಂಟಿನ ಕಾಲುವೆಯದು. ದೊಡ್ಡವರ ಸೊಂಟದವರೆಗೆ ನೀರು. ಪಂಪುಗಳು ಆ ನೀರನ್ನು ಮೆಲ್ಲನೆ ಮುಂದೂಡುತ್ತಿರುತ್ತವೆ. ಗಾಳಿ ತುಂಬಿದ ಟ್ಯೂಬಿನಲ್ಲಿ ಕುಳಿತರೆ ಸಾಕು, ಕೈಕಾಲು ಆಡಿಸದೆಯೇ ತೇಲಿಕೊಂಡು ಸಾಗಬಹುದು. 1977ರಲ್ಲಿ ಅಮೆರಿಕದ ಆರ್ಲ್ಯಾಂಡೊ ನಗರದಲ್ಲಿ ಜಾರ್ಜ್ ಮಿಲೇ ಎಂಬವರು ತೆರೆದ 'ವೆಟ್ ಎನ್ ವೈಲ್ಡ್' ಇಂದಿನ ಜಲೋದ್ಯಾನಗಳಿಗೆ ಮಾದರಿಯಾಯಿತು. ನಮ್ಮಲ್ಲಿ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಆರಂಭವಾಯಿತು. ನಾವು ಹೋದುದು ಬೇರೊಂದು ಸಣ್ಣ ತಾಣಕ್ಕೆ.

ಮೊಮ್ಮಗಳನ್ನು ಟ್ಯೂಬಿನಲ್ಲಿ ಕೂರಿಸಿ ಮಗಳು ಪಕ್ಕದಲ್ಲೇ ನಡೆಯುತ್ತಿದ್ದಳು. ಎರಡು ಸುತ್ತು ಮುಗಿದ ಮೇಲೆ, "ಅಪ್ಪಾಜಿ, ಸ್ವಲ್ಪ ನೋಡಿಕೊಳ್ಳಿ, ಟವೆಲ್ ತರುತ್ತೇನೆ" ಎಂದು ಹೋದಳು. ನಾನು ದಡದಲ್ಲಿ ಕುಳಿತೇ ಹೂಂಗುಟ್ಟಿದೆ. ಅಷ್ಟರಲ್ಲಿ ಪಕ್ಕದವರು ಯಾವ ಊರೆಂದು ಕೇಳಿದರು. ಮಾತಿಗೆ ಮಾತು ಬೆಳೆಯಿತು. ತಿರುಗಿ ನೋಡಿದಾಗ ಟ್ಯೂಬು ಬರಿದಾಗಿ ತೇಲುತ್ತಿತ್ತು. ಕೂಗಿಲ್ಲ, ನೀರು ಬಡಿದ ಸದ್ದೂ ಇಲ್ಲ. ನಾನು ಏಳುವ ಮೊದಲೇ, ಹಿಂದೆ ಬರುತ್ತಿದ್ದ ಹುಡುಗನೊಬ್ಬ ಮಗುವನ್ನು ಎತ್ತಿ ಹಿಡಿದಿದ್ದ. ಅವಳು ಕೆಮ್ಮಿ, ನೀರು ಕಾರಿ, ಗಟ್ಟಿಯಾಗಿ ಅತ್ತಳು. ಆ ಅಳುವಿಗಿಂತ ಇಂಪಾದ ದನಿಯನ್ನು ನಾನು ಕೇಳಿಲ್ಲ. ನೀರು ಕುಡಿದ ಮಕ್ಕಳಿಗೆ ಕೆಲವು ಗಂಟೆಗಳ ನಂತರವೂ ಉಸಿರಾಟದ ತೊಂದರೆ ಕಾಣಿಸಬಹುದೆಂದು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ದೆವು. ಅಪಾಯವಿಲ್ಲವೆಂದರು. ಮಗಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚಿನ ಶಿಕ್ಷೆಯಾಯಿತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಸೊಂಟಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿ ತಂದೆಯವರ ಕೈಯಲ್ಲಿರುತ್ತಿತ್ತು. ದಾರಿಹೋಕರು ಮಾತನಾಡಿಸಿದರೂ ಅವರು ನೀರಿನಿಂದ ಕಣ್ಣು ಕೀಳುತ್ತಿರಲಿಲ್ಲ. ಬಾವಿಯ ಆಳ ಅವರಿಗೆ ಎಚ್ಚರವನ್ನು ಕಲಿಸಿತ್ತು. ಸೋಮಾರಿ ಹೊಳೆ ತನ್ನ ಸೋಮಾರಿತನವನ್ನು ದಡದಲ್ಲಿದ್ದ ನನಗೂ ಅಂಟಿಸಿತ್ತು.

ಆಟದ ಟ್ಯೂಬು ಜೀವರಕ್ಷಕ ಜಾಕೆಟ್ ಅಲ್ಲ. ಅದರ ನಡುವಿನ ತೂತಿನಿಂದ ಮಗು ಜಾರಿಬಿಡಬಹುದು. ಬಾಯಿ ನೀರಿನಲ್ಲಿರುವಾಗ ಮಗು ಕೂಗಲಾರದು. ಆದುದರಿಂದ ಮುಳುಗುವಿಕೆ ಬಹುಪಾಲು ಸದ್ದಿಲ್ಲದೆ ನಡೆಯುತ್ತದೆ. ಕಾಲುವೆಯ ತಿರುವುಗಳಲ್ಲಿ ಕಾವಲುಗಾರನ ದೃಷ್ಟಿಗೂ ಮರೆಯುಂಟು. ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ನೀರಿನಲ್ಲಿ ಮುಳುಗುವುದನ್ನು ತಡೆಯುವ ದಿನವೆಂದು ಘೋಷಿಸಿದೆ ಎಂದರೆ ವಿಷಯದ ಗಾಂಭೀರ್ಯ ಅರಿವಾದೀತು.

ಹಾಗೆಂದು ಮಕ್ಕಳ ನೀರಿನಾಟವನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಸರಿಯಾದ ಅಳತೆಯ ಜೀವರಕ್ಷಕ ಜಾಕೆಟ್ ತೊಡಿಸೋಣ. ಕಾಯುವ ಸರದಿ ಯಾರದೆಂದು ಸ್ಪಷ್ಟವಾಗಿ ಹೇಳಿಕೊಳ್ಳೋಣ. ಸರದಿಯವರು ಮೊಬೈಲನ್ನೂ ಮಾತನ್ನೂ ಬದಿಗಿಟ್ಟು, ಮಗು ಕೈಗೆಟಕುವಷ್ಟು ಹತ್ತಿರ ನೀರಿನಲ್ಲಿಯೇ ಇರಲಿ.

ಮರುದಿನ ಮೊಮ್ಮಗಳು, "ಅಜ್ಜಾ, ಮತ್ತೆ ಹೋಗೋಣ" ಎಂದಳು. ಪಂಚೆ ಕಳಚಿ, ಅವರು ಕೊಟ್ಟ ನೈಲಾನ್ ಚಡ್ಡಿ ತೊಟ್ಟು ನಾನೂ ನೀರಿಗಿಳಿದೆ. ಅಳಿಯಂದಿರು ನಕ್ಕರು. ನಾನು ಟ್ಯೂಬಿನ ಹಿಡಿಯನ್ನು ಬಿಡಲಿಲ್ಲ.