ಆಡಾಕೋ, ಓದಾಕೋ?

ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಮಾರಿ ಬಂದ ಅಪ್ಪ, ಕಂಪ್ಯೂಟರ್‌ಗೆ ಅಂತ ರೊಕ್ಕ ತೆಗೆದಿಟ್ಟರು. ನಾವು ಅಣ್ಣ-ತಂಗಿ ರಾಣೆಬೆನ್ನೂರಿನ ಅಂಗಡಿಗೆ ಹೋದ್ವಿ. ಹಾವೇರಿ ಹಾಸ್ಟೆಲ್‌ಗೆ ಒಯ್ಯಾಕ ಗೇಮಿಂಗ್ ಲ್ಯಾಪ್‌ಟಾಪೇ ಸರಿ ಅನ್ನಿಸಿತ್ತು. ಆದರೆ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡರಲ್ಲೂ ಆರ್‌ಟಿಎಕ್ಸ್ 4060 ಅಂತ ಬರೆದಿದ್ದರೂ ಶಕ್ತಿ ಒಂದೇ ಅಲ್ಲ. ಡೆಸ್ಕ್‌ಟಾಪ್ ಕಾರ್ಡ್‌ಗೆ 115 ವ್ಯಾಟ್. ಲ್ಯಾಪ್‌ಟಾಪ್‌ನದಕ್ಕೆ ಮಾಡೆಲ್ ನೋಡಿ 35ರಿಂದ 115.

ಅಪ್ಪ ಫೋನಲ್ಲಿ ಕೇಳಿದ್ದು ಒಂದೇ ಮಾತು: “ಆಡಾಕೋ, ಓದಾಕೋ?” ಇಬ್ಬರೂ ಸುಮ್ಮನಾದ್ವಿ.

ಹಾಸ್ಟೆಲ್‌ಗೆ ಒಯ್ದರೆ ಅದು ಒಬ್ಬರ ಆಟದ ಸಾಮಾನು. ಮನೆಯಲ್ಲಿದ್ದರೆ ತಂಗಿಯ ಪಿಯುಸಿಗೂ ಆಗುತ್ತೆ. ಡೆಸ್ಕ್‌ಟಾಪ್ ತಂದ್ವಿ, ಕರೆಂಟ್ ಹೋಗುತ್ತೆ ಅಂತ ಯುಪಿಎಸ್ಸೂ ತಂದ್ವಿ. ವಾರವಿಡೀ ನಮ್ಮ ಕೋಡಿಂಗ್ ಕಾಲೇಜ್ ಲ್ಯಾಬ್‌ನಲ್ಲಿ. ಶನಿವಾರ ಬ್ಯಾಡಗಿಯಲ್ಲಿ ಬಸ್ಸಿಳಿದ ಮೇಲೆ ಆಟ, ಅದೂ ತಂಗಿ ಕುರ್ಚಿ ಬಿಟ್ಟರೆ.