ಬಾಯಿಗೆ ಬಾರದ ‘ನೀನು’

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 7 ತಿಂಗಳು, ವಾರಕ್ಕೆ 12 ಗಂಟೆ. ಫ್ರಾನ್ಸಿನ ಶಾಲೆಯೊಂದರಲ್ಲಿ ಮಕ್ಕಳಿಂದ ಇಂಗ್ಲಿಷ್ ಮಾತನಾಡಿಸುವ ಸಹಾಯಕಿಯ ಕೆಲಸ. ಪಾಠಕ್ಕಿಂತ ಸ್ಟಾಫ್‌ರೂಮೇ ಕಷ್ಟವಾಯಿತು. ನನ್ನ ತಾಯಿಯ ವಯಸ್ಸಿನ ಮಾರ್ಗದರ್ಶಿ ಶಿಕ್ಷಕಿ ಮೊದಲ ದಿನವೇ ತಮ್ಮನ್ನು ‘ತ್ಯು’ ಎನ್ನಬೇಕೆಂದರು. ಅದು ನಮ್ಮ ‘ನೀನು’. ಅಲ್ಲಿ ಸಹೋದ್ಯೋಗಿಗಳ ನಡುವೆ ಅದೇ ರೂಢಿ. ಗೌರವದ ‘ವೂ’ ಎಂದರೆ ದೂರ ಇಟ್ಟಂತೆ. ಧಾರವಾಡದಲ್ಲಿ ಬಿ.ಎಡ್. ಓದುವಾಗ ಮೇಡಂ ಬಂದರೆ ಎದ್ದು ನಿಲ್ಲುತ್ತಿದ್ದವಳು ನಾನು. ಸರ್ವನಾಮವೇ ಬೇಡದ ವಾಕ್ಯ ಹುಡುಕುತ್ತ ಹುಡುಕುತ್ತ ಮಾತನ್ನೇ ಕಡಿಮೆ ಮಾಡಿದೆ. ನವೆಂಬರ್‌ನಲ್ಲಿ ಅವರೇ ಕೇಳಿದರು: “ನನ್ನ ಮೇಲೆ ಬೇಸರವೇ?”

ವ್ಯಾಕರಣ ಗೊತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ, ಅಷ್ಟೆ.

ಆ ಸಂಜೆ ನನ್ನ ಪಾಠದ ಟಿಪ್ಪಣಿ ತೆರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬನ ಬಗ್ಗೆ ‘ಬಾಯಿ ಬಿಡುವುದಿಲ್ಲ, ಆಸಕ್ತಿ ಇಲ್ಲ’ ಎಂದು ಮೂರು ವಾರವೂ ಬರೆದಿದ್ದೆ. ಎರಡನೆಯ ಮಾತನ್ನು ಹೊಡೆದುಹಾಕಿದೆ.