ಹಿತ್ತಿಲ ಗಿಡ



ಕುಷ್ಟಗಿ ಕಡೆಯ ವೃದ್ಧ ದಂಪತಿಗಳು ಮಗನಿರುವ ಸ್ವಿಟ್ಜರ್ಲೆಂಡಿಗೆ ಹೋಗಿ, ಬರ್ನ್ ನಗರವನ್ನು ಒಂದು ದಿನವೆಲ್ಲ ಸುತ್ತಿ ನೋಡಿ ಬಂದಿದ್ದರು. ಅಲ್ಲಿಯ ಗಡಿಯಾರದ ಗೋಪುರವನ್ನು ನಮ್ಮೆದುರು ವರ್ಣಿಸುತ್ತಿದ್ದ ತಾಯಿಯವರು, “ಅಜ್ಜಾರ, ನಿಮ್ಮ ಸೀಮ್ಯಾಗ ನೋಡುವಂಥದ್ದು ಏನೈತಿ ಅಂತ ಅಲ್ಲಿಯವರು ಕೇಳಿದರು, ಹೇಳಾಕ ನಮಗ ಏನೂ ತಿಳೀಲಿಲ್ರಿ” ಎಂದು ತಲೆ ತಗ್ಗಿಸಿದರು.

ಹಳೆಯ ಯಲಬುರ್ಗಾ ತಾಲೂಕಿನ ಇಟಗಿಯ ಮಹಾದೇವ ದೇವಾಲಯವನ್ನು ನಾವು ಹೆಸರಿಸಿದೆವು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. “ತಾವು ನೋಡೀರೇನ್ರಿ?” ಎಂದು ಯಜಮಾನರು ಕೇಳಿದಾಗ ನಾಚಿದವರು ನಾವು. ವಿಶ್ವವಿದ್ಯಾಲಯದಲ್ಲಿ ಓದಿದ್ದೆವು, ಕಣ್ಣಾರೆ ಕಂಡಿರಲಿಲ್ಲ.

ಮರುದಿನ ಮೂವರೂ ಹೋದೆವು. ನುಣುಪಾದ ಕಂಬವನ್ನು ಸವರುತ್ತ ತಾಯಿಯವರು ಬಹಳ ಹೊತ್ತು ನಿಂತರು. ಹಿತ್ತಿಲ ಗಿಡವನ್ನೂ ಒಮ್ಮೆ ನೋಡಿರಿ.